ಉಳ್ಳಾಗಡ್ಡಿ: ಸಾಲಿನ ಅಂತರ, ಯೂರಿಯಾ ಚೀಲ ಮತ್ತು ಕೈಗೆ ಬರುವ ದುಡ್ಡು

ಪ್ರಶ್ನೆ: ನಾವು ಗದಗ ಜಿಲ್ಲೆಯ ರೋಣ ತಾಲ್ಲೂಕಿನವರು. ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಭೂಮಿ ಇದೆ. ಕೊಳವೆಬಾವಿಯ ನೀರಿರುವ ಎರಡು ಎಕರೆಯಲ್ಲಿ ಮುಂಗಾರಿನಲ್ಲಿ ಉಳ್ಳಾಗಡ್ಡಿ ಸಸಿ ನಾಟಿ ಮಾಡುತ್ತೇವೆ. ಉಳಿದ ಎರಡು ಎಕರೆಯಲ್ಲಿ ಮಳೆ ನಂಬಿ ಕೂರಿಗೆಯಿಂದ ಬಿತ್ತುತ್ತೇವೆ. ಕಳೆದ ವರ್ಷ ಒಂದು ಎಕರೆಗೆ 15×10 ಸೆಂ.ಮೀ. (ಸಾಲಿನಿಂದ ಸಾಲಿಗೆ 15, ಗಿಡದಿಂದ ಗಿಡಕ್ಕೆ 10) ಅಂತರ ಇಟ್ಟು ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಎರಡು ಚೀಲ ಯೂರಿಯಾ ಹಾಕಿದೆವು. ಪಕ್ಕದ ಎಕರೆಗೆ 10×10 ಅಂತರದಲ್ಲಿ ಒತ್ತಾಗಿ ನೆಟ್ಟು, ಒಂದು ಚೀಲ ಡಿಎಪಿ, ನಾಲ್ಕು ಚೀಲ ಯೂರಿಯಾ ಕೊಟ್ಟೆವು. ಮೊದಲನೆಯದರಲ್ಲಿ 78 ಕ್ವಿಂಟಲ್ ಬಂದು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ಸರಾಸರಿ 1,500 ರೂಪಾಯಿಗೆ ಹೋಯಿತು. ಎರಡನೆಯದರಲ್ಲಿ 90 ಕ್ವಿಂಟಲ್ ಬಂದರೂ ಸರಾಸರಿ 1,250 ರೂಪಾಯಿಯೇ ಸಿಕ್ಕಿತು. ಒತ್ತಾಗಿ ನೆಟ್ಟ ಹೊಲಕ್ಕೆ ಒಂದೂವರೆ ಕೆಜಿ ಬೀಜ ಹೆಚ್ಚು ಹೋಯಿತು, ನಾಟಿಗೆ 3,000 ರೂಪಾಯಿ ಹೆಚ್ಚು ಕೂಲಿ ಬಿತ್ತು, ಔಷಧ ಎರಡು ಸಲ ಹೆಚ್ಚು ಹೊಡೆದೆವು. ಈ ವರ್ಷ ಇನ್ನೂ ಗೊಬ್ಬರ ಹೆಚ್ಚಿಸಿದರೆ ಗಡ್ಡೆ ದಪ್ಪವಾಗಿ ದರವೂ ಸಿಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಬಹಳ ರೈತರು ಬರೆಯದ ಒಂದು ಸಂಗತಿ ಇದೆ. ಎರಡೂ ಹೊಲದ ಇಳುವರಿಯನ್ನೂ ದರವನ್ನೂ ನೀವು ಬೇರೆ ಬೇರೆಯಾಗಿ ಬರೆದಿಟ್ಟಿದ್ದೀರಿ. ಆದ್ದರಿಂದ ಸಾಮಾನ್ಯ ಶಿಫಾರಸನ್ನು ಹೇಳುವುದಕ್ಕಿಂತ ಮೊದಲು ನಿಮ್ಮದೇ ಅಂಕಿಗಳನ್ನು ಬಿಡಿಸಿ ನೋಡುವುದು ಒಳ್ಳೆಯದು. ಉತ್ತರದ ಮುಕ್ಕಾಲು ಭಾಗ ಅವುಗಳಲ್ಲಿಯೇ ಇದೆ.

ಮೊದಲ ಎಕರೆಯ ಮಾರಾಟ 1,17,000 ರೂಪಾಯಿ, ಎರಡನೆಯದರ ಮಾರಾಟ 1,12,500 ರೂಪಾಯಿ. ಅಂದರೆ 12 ಕ್ವಿಂಟಲ್ ಹೆಚ್ಚು ಬೆಳೆದು 4,500 ರೂಪಾಯಿ ಕಡಿಮೆ ಪಡೆದಿರಿ. ಇನ್ನು ಹೆಚ್ಚುವರಿ ಖರ್ಚು ನೋಡೋಣ. ಬೀಜ ಕೆಜಿಗೆ 1,500 ರೂಪಾಯಿ ಎಂದು ಹಿಡಿದರೆ ಒಂದೂವರೆ ಕೆಜಿಗೆ 2,250. ನಾಟಿಯ ಕೂಲಿ 3,000. 45 ಕೆಜಿ ಯೂರಿಯಾ ಚೀಲ 266.50 ರೂಪಾಯಿಯಂತೆ ಎರಡು ಚೀಲಕ್ಕೆ 533. ಎರಡು ಸಿಂಪಡಣೆಗೆ ಆಳು ಸೇರಿ 1,800. ಹೆಚ್ಚು ಬಂದ 12 ಕ್ವಿಂಟಲ್ ಎಂದರೆ 50 ಕೆಜಿಯ 24 ಚೀಲ, ಅವುಗಳ ಎಲೆ ಕತ್ತರಿಸುವ ಕೂಲಿ, ಖಾಲಿ ಚೀಲ, ಹಮಾಲಿ, ಗಾಡಿ ಬಾಡಿಗೆ ಸೇರಿ ಚೀಲಕ್ಕೆ 130 ರೂಪಾಯಿಯಂತೆ 3,120. ಒಟ್ಟು 10,703 ರೂಪಾಯಿ. ಇದಕ್ಕೆ ಮಾರಾಟದಲ್ಲಿ ಕಡಿಮೆಯಾದ 4,500 ಸೇರಿಸಿದರೆ, ಹೆಚ್ಚು ಬೆಳೆದ ಎಕರೆಯು ಕಡಿಮೆ ಬೆಳೆದ ಎಕರೆಗಿಂತ ಸುಮಾರು 15,200 ರೂಪಾಯಿ ಹಿಂದೆ ಉಳಿಯಿತು. ಬೀಜದ ಬೆಲೆ, ಸಿಂಪಡಣೆ ಮತ್ತು ಚೀಲದ ಖರ್ಚು ನಾನು ಹಿಡಿದ ಅಂದಾಜು. ನಿಮ್ಮ ಹೊಲದ ನಿಜವಾದ ಅಂಕಿಗಳನ್ನು ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿರಿ.

ಆದರೆ ಒತ್ತು ನಾಟಿ ಯಾವಾಗಲೂ ನಷ್ಟವೆಂದು ಇದರಿಂದ ತೀರ್ಮಾನಿಸುವುದು ನ್ಯಾಯವಲ್ಲ. ಎರಡೂ ಹೊಲದ ಮಾಲಿಗೆ ಒಂದೇ ದರ, 1,500 ರೂಪಾಯಿ, ಸಿಕ್ಕಿದ್ದರೆ ಎರಡನೆಯ ಎಕರೆ 1,35,000 ರೂಪಾಯಿ ತಂದು, ಹೆಚ್ಚುವರಿ ಖರ್ಚು ಕಳೆದೂ 7,300 ರೂಪಾಯಿಯಷ್ಟು ಮುಂದಿರುತ್ತಿತ್ತು. ಹಾಗಾದರೆ ದರ ಎಷ್ಟು ಇಳಿದರೆ ಲಾಭ ಅಳಿಸಿಹೋಗುತ್ತದೆ? 1,17,000ಕ್ಕೆ 10,703 ಕೂಡಿಸಿ 90ರಿಂದ ಭಾಗಿಸಿದರೆ 1,419 ಬರುತ್ತದೆ. ಗಡ್ಡೆ ಸಣ್ಣದಾದ ಕಾರಣಕ್ಕೆ ಕ್ವಿಂಟಲಿಗೆ 81 ರೂಪಾಯಿಗಿಂತ ಹೆಚ್ಚು ದರ ಕಳೆದುಕೊಂಡರೆ ಒತ್ತು ನಾಟಿ ಸೋಲುತ್ತದೆ. ನೀವು 250 ಕಳೆದುಕೊಂಡಿರಿ. ಆದ್ದರಿಂದ ದಪ್ಪ ಗಡ್ಡೆಗೂ ಸಣ್ಣ ಗಡ್ಡೆಗೂ ನೀವು ಮಾರುವ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಎಷ್ಟು ದರವ್ಯತ್ಯಾಸವಿದೆ ಎಂಬುದನ್ನು ತಿಳಿಯದೆ ಸಾಲಿನ ಅಂತರವನ್ನು ಗೊತ್ತುಮಾಡಬಾರದು. ಆ ವ್ಯತ್ಯಾಸ ಕಡಿಮೆಯಿರುವ ವರ್ಷಗಳೂ ಇರುತ್ತವೆ, ಪೇಟೆಗೆ ಮಾಲು ಬರುವುದೇ ಕಡಿಮೆಯಾದಾಗ ಸಣ್ಣ ಗಡ್ಡೆಗೂ ಒಳ್ಳೆಯ ದರ ಬರುತ್ತದೆ; ಆದರೆ ಆವಕ ಹೆಚ್ಚಾದ ದಿನ ಮೊದಲು ಪೆಟ್ಟು ತಿನ್ನುವುದು ಸಣ್ಣ ಗಡ್ಡೆಯೇ.

ಗಡ್ಡೆ ಏಕೆ ಸಣ್ಣದಾಯಿತು ಎಂಬುದನ್ನೂ ಲೆಕ್ಕವೇ ಹೇಳುತ್ತದೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. 15×10 ಅಂತರದಲ್ಲಿ ಎಕರೆಗೆ ಸುಮಾರು 2.7 ಲಕ್ಷ ಸಸಿ, 10×10 ಅಂತರದಲ್ಲಿ ಸುಮಾರು 4.05 ಲಕ್ಷ ಸಸಿ ಕೂಡುತ್ತವೆ. ಬದು, ನೀರಿನ ಕಾಲುವೆ, ಸತ್ತ ಸಸಿ ಎಲ್ಲವನ್ನೂ ಕಳೆದು ನೂರಕ್ಕೆ 60 ಉಳಿದವೆಂದು ಇಟ್ಟುಕೊಂಡರೆ ಮೊದಲನೆಯದರಲ್ಲಿ 1.62 ಲಕ್ಷ, ಎರಡನೆಯದರಲ್ಲಿ 2.43 ಲಕ್ಷ ಗಿಡ. ಗಡ್ಡೆಯ ಸರಾಸರಿ ತೂಕ ಮೊದಲನೆಯದರಲ್ಲಿ 48 ಗ್ರಾಂ, ಎರಡನೆಯದರಲ್ಲಿ 37 ಗ್ರಾಂ. ಗಿಡಗಳ ಸಂಖ್ಯೆ ಒಂದೂವರೆ ಪಟ್ಟಾದರೂ ಇಳುವರಿ ಏರಿದ್ದು ನೂರಕ್ಕೆ 15 ಮಾತ್ರ. ಹೆಚ್ಚಾಗಿ ನಿಲ್ಲಿಸಿದ 81,000 ಗಿಡಗಳು ಹೊಲದ ಒಟ್ಟು ತೂಕಕ್ಕೆ ಸೇರಿಸಿದ್ದು ತಲಾ 15 ಗ್ರಾಂ. ಉಳಿದದ್ದನ್ನು ಅವು ತಮ್ಮ ನೆರೆಯ ಗಿಡಗಳಿಂದ ಕಿತ್ತುಕೊಂಡವು. ಬೆಳಕು, ನೀರು, ಬೇರಿನ ಜಾಗ ಇವುಗಳಿಗಾಗಿ ನಡೆಯುವ ಈ ಪೈಪೋಟಿಯನ್ನು ಯೂರಿಯಾದಿಂದ ಬಗೆಹರಿಸಲಾಗದು. ಸಾರಜನಕ ಎಷ್ಟೇ ಇದ್ದರೂ ಹತ್ತು ಸೆಂಟಿಮೀಟರಿನಲ್ಲಿ ಸಿಕ್ಕಿಕೊಂಡ ಗಡ್ಡೆಗೆ ಹಿಗ್ಗುವ ಜಾಗವಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದು: ಗೊಬ್ಬರ ಹೆಚ್ಚಿಸುವುದರಿಂದ ಈ ಗಡ್ಡೆ ದಪ್ಪವಾಗುವುದಿಲ್ಲ.

ಅಂತರವನ್ನು ತೀರ ಅಗಲ ಮಾಡುವುದೂ ತಪ್ಪೇ. 15×15ಕ್ಕೆ ಹೋದರೆ ಎಕರೆಗೆ 1.8 ಲಕ್ಷ ಸಸಿ ಮಾತ್ರ. ಗಡ್ಡೆ ದಪ್ಪವಾದರೂ ಒಟ್ಟು ತೂಕ ಕೆಳಗಿಳಿಯುತ್ತದೆ, ಜೋಡಿ ಗಡ್ಡೆ ಮತ್ತು ದಪ್ಪ ಕತ್ತಿನ ಗಡ್ಡೆಗಳು ಹೆಚ್ಚುತ್ತವೆ, ತೆರೆದ ನೆಲದಲ್ಲಿ ಕಸ ಏಳುತ್ತದೆ. ಉಳ್ಳಾಗಡ್ಡಿಯ ಎಲೆ ನೆಟ್ಟಗೆ ನಿಲ್ಲುವುದರಿಂದ ಅದು ಸೇಂಗಾ ಅಥವಾ ಸೋಯಾದಂತೆ ನೆಲವನ್ನು ಮುಚ್ಚಿ ಕಳೆಯನ್ನು ಅಡಗಿಸುವ ಬೆಳೆಯಲ್ಲ ಎಂಬುದು ನೆನಪಿರಲಿ. ಇಲ್ಲಿ ಇನ್ನೊಂದು ದಾರಿಯನ್ನು ವಿಚಾರ ಮಾಡಬಹುದು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 5 ಸೆಂ.ಮೀ. ಇಟ್ಟರೂ ಎಕರೆಗೆ ಅದೇ 2.7 ಲಕ್ಷ ಸಸಿ ಕೂಡುತ್ತವೆ, ಆದರೆ ಸಾಲಿನ ನಡುವೆ ಕಳೆ ತೆಗೆಯುವ ಎಡೆ ಕುಂಟೆ ಓಡುತ್ತದೆ. ಗಿಡಗಳು ಸಾಲಿನೊಳಗೆ ಒತ್ತಾಗುವುದರಿಂದ ಗಡ್ಡೆಯ ಆಕಾರವೂ ತೂಕವೂ ಸ್ವಲ್ಪ ಕೆಡಬಹುದು. ಆ ನಷ್ಟವನ್ನೂ ಒಂದು ಸಲದ ಕೈಕಳೆಯ ಕೂಲಿಯನ್ನೂ ತೂಗಿ ನೋಡಿರಿ. ಕಳೆ ತೆಗೆಯಲು ಆಳು ಸಿಗದ ಊರುಗಳಲ್ಲಿ ಎಡೆ ಹೊಡೆಯಲು ಬರುವ ಸಾಲೇ ಗೆಲ್ಲುವುದನ್ನು ನಾನು ಕಂಡಿದ್ದೇನೆ.

ಹನಿ ನೀರಾವರಿ ಹಾಕಿ ಎತ್ತರದ ಮಡಿ ಮಾಡುವವರು ಸಾಮಾನ್ಯವಾಗಿ 120 ಸೆಂ.ಮೀ. ಅಗಲದ ಮಡಿ, 45 ಸೆಂ.ಮೀ. ಕಾಲುವೆ ಬಿಡುತ್ತಾರೆ. ಆಗ ಸಸಿ ನಿಲ್ಲುವುದು ಭೂಮಿಯ ನೂರಕ್ಕೆ 73 ಭಾಗದಲ್ಲಿ ಮಾತ್ರ. ಮಡಿಯ ಮೇಲೆ 15×10 ಇಟ್ಟರೂ ಎಕರೆಗೆ ಸುಮಾರು 1.96 ಲಕ್ಷ ಸಸಿಯಷ್ಟೇ ಕೂಡುತ್ತವೆ. ಬೀಜ, ಗೊಬ್ಬರ ಎರಡರ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಮಾಡಬೇಕು. ಎರೆ ಭೂಮಿಯಲ್ಲಿ ಮುಂಗಾರಿನ ನೀರು ನಿಂತು ಬೇರು ಕೊಳೆಯುವುದು ದೊಡ್ಡ ಅಪಾಯವಾದ್ದರಿಂದ, ಕಾಲುವೆಗೆ ಬಿಟ್ಟ ಜಾಗವನ್ನು ನಾನು ವ್ಯರ್ಥವೆಂದು ಎಣಿಸುವುದಿಲ್ಲ.

ಈಗ ಗೊಬ್ಬರದ ವಿಷಯ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಒಂದು ಚೀಲದಲ್ಲಿ 20.7 ಕೆಜಿ. ಆದ್ದರಿಂದ ಸಾರಜನಕದ ಬೆಲೆ ಕೆಜಿಗೆ ಸುಮಾರು 13 ರೂಪಾಯಿ. ಡಿಎಪಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕವಿದ್ದು, 1,350 ರೂಪಾಯಿಯಲ್ಲಿ ಸಾರಜನಕದ ಪಾಲನ್ನು ಕಳೆದರೆ ರಂಜಕದ ಬೆಲೆ ಕೆಜಿಗೆ 54 ರೂಪಾಯಿಯ ಆಸುಪಾಸು ಬೀಳುತ್ತದೆ. ಸರಕಾರದ ಸಹಾಯಧನದಿಂದ ಸಾರಜನಕ ಇಷ್ಟು ಅಗ್ಗವಾಗಿರುವುದೇ ನಮ್ಮ ಲೆಕ್ಕ ತಪ್ಪುವ ಮೂಲ. ಕ್ವಿಂಟಲಿಗೆ 1,500 ರೂಪಾಯಿ ದರವಿದ್ದಾಗ ಎರಡು ಚೀಲ ಯೂರಿಯಾದ 533 ರೂಪಾಯಿ ಮರಳಿ ಬರಲು 36 ಕೆಜಿ ಗಡ್ಡೆ ಹೆಚ್ಚು ಬಂದರೆ ಸಾಕು. ಕಾಗದದ ಮೇಲೆ ಇದು ಯಾವಾಗಲೂ ಲಾಭವೇ. ಆದರೆ ಹೆಚ್ಚಾದ ಸಾರಜನಕದ ನಿಜವಾದ ಬೆಲೆಯನ್ನು ರೈತನು ಗೊಬ್ಬರದ ಅಂಗಡಿಯಲ್ಲಿ ಕೊಡುವುದಿಲ್ಲ, ರಾಶಿಯ ಮುಂದೆ ಕೊಡುತ್ತಾನೆ. ಎಲೆ ಸೊಕ್ಕಿ ಬೆಳೆದು ಬಲಿಯುವುದು ತಡವಾಗುತ್ತದೆ, ಕತ್ತು ದಪ್ಪವಾಗಿ ಒಣಗದೆ ಉಳಿಯುತ್ತದೆ, ಮೆತ್ತನೆಯ ಎಲೆಗೆ ನುಸಿ (ಥ್ರಿಪ್ಸ್ ಎಂಬ ಸಣ್ಣ ಕೀಟ) ಹೆಚ್ಚುತ್ತದೆ, ಒತ್ತು ಸಾಲಿನಲ್ಲಿ ಗಾಳಿಯಾಡದೆ ನೇರಳೆ ಮಚ್ಚೆ ರೋಗ ಮತ್ತು ಎಲೆ ತಿರುಚುವ ರೋಗ ಬೇಗ ಹಬ್ಬುತ್ತವೆ. ನೀವು ಎರಡು ಸಲ ಹೆಚ್ಚು ಔಷಧ ಹೊಡೆದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. 90 ಕ್ವಿಂಟಲಿನಲ್ಲಿ ನೂರಕ್ಕೆ 5ರಷ್ಟು ಹೆಚ್ಚು ಕೊಳೆತರೂ 4.5 ಕ್ವಿಂಟಲ್, ನಿಮ್ಮ ದರದಲ್ಲಿ 5,625 ರೂಪಾಯಿ. ಎರಡು ಚೀಲದ ಬೆಲೆಯ ಹತ್ತು ಪಟ್ಟಿಗಿಂತ ಹೆಚ್ಚು.

ಮುಂಗಾರಿನ ಬೆಳೆಯಲ್ಲಿ ಈ ಅಪಾಯ ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಕೀಳುವ ಬೆಳೆಯಲ್ಲಿ ಕತ್ತು ತಾನಾಗಿ ಬಾಗಿ ಗಿಡ ಬಲಿತದ್ದನ್ನು ತೋರಿಸುತ್ತದೆ. ಮುಂಗಾರಿನ ಬೆಳೆ ಹಸಿ ಇರುವಾಗಲೇ ಕೀಳುವ ಕಾಲ ಬರುವುದರಿಂದ ಕತ್ತು ಸಾಮಾನ್ಯವಾಗಿ ಬಾಗುವುದಿಲ್ಲ. ಆ ಹೊತ್ತಿಗೆ ಗಿಡದಲ್ಲಿ ಸಾರಜನಕ ಇನ್ನೂ ಉಳಿದಿದ್ದರೆ ಗಡ್ಡೆ ಒಣಗುವುದೇ ಇಲ್ಲ. ಮೇಲೆ ಉತ್ತರಿ ಅಥವಾ ಹಸ್ತ ಮಳೆ ಹಿಡಿದರೆ ಚೀಲ ಅಮರಗೋಳ ತಲುಪುವಷ್ಟರಲ್ಲಿ ನೀರು ಸೋರುತ್ತದೆ. ಮುಂಗಾರಿನ ತಳಿಗಳು ಮೊದಲೇ ಬಹುಕಾಲ ಇಡಲು ಬಾರದವು. ದರ ನೋಡಿ ಮಾರುತ್ತೇನೆಂದು ಕಾಯುವ ಅವಕಾಶವನ್ನು ಹೆಚ್ಚಿನ ಯೂರಿಯಾ ಪೂರ್ತಿ ಕಸಿದುಕೊಳ್ಳುತ್ತದೆ.

ಹಾಗಾದರೆ ಎಷ್ಟು ಕೊಡಬೇಕು? ಪುಣೆ ಬಳಿಯ ರಾಜಗುರುನಗರದಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ ಅಂದಾಜಿನಂತೆ ಹೆಕ್ಟೇರಿಗೆ 40 ಟನ್ ಗಡ್ಡೆ ಬೆಳೆಯಲು ಬೆಳೆಯು 90ರಿಂದ 95 ಕೆಜಿ ಸಾರಜನಕ, 30ರಿಂದ 35 ಕೆಜಿ ರಂಜಕ, 50ರಿಂದ 55 ಕೆಜಿ ಪೊಟ್ಯಾಷ್ ಹೀರುತ್ತದೆ. ಕ್ವಿಂಟಲಿಗೆ ಇಳಿಸಿದರೆ ಸಾರಜನಕ ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ. ನಿಮ್ಮ 78 ಕ್ವಿಂಟಲ್ ಹೀರಿದ್ದು ಸುಮಾರು 18 ಕೆಜಿ. ಆ ಎಕರೆಗೆ ನೀವು ಕೊಟ್ಟದ್ದು ಡಿಎಪಿಯ 9 ಮತ್ತು ಯೂರಿಯಾದ 41 ಸೇರಿ 50 ಕೆಜಿ. ಇದು ಹೆಕ್ಟೇರಿಗೆ 125 ಕೆಜಿ ಎಂಬ ನಮ್ಮ ಭಾಗದ ನೀರಾವರಿ ಶಿಫಾರಸಿಗೆ ಸರಿಯಾಗಿದೆ. ಕೊಟ್ಟದ್ದೆಲ್ಲ ಗಿಡಕ್ಕೆ ಸಿಗುವುದಿಲ್ಲವಾದ್ದರಿಂದ ಹೀರುವುದಕ್ಕಿಂತ ಹೆಚ್ಚು ಕೊಡಲೇಬೇಕು, ಅದು ನಿಜ. ಆದರೆ ಪಕ್ಕದ ಎಕರೆಗೆ 92 ಕೆಜಿ ಕೊಟ್ಟಿರಿ. 90 ಕ್ವಿಂಟಲ್ ಹೀರಿದ್ದು 21 ಕೆಜಿ. ಉಳ್ಳಾಗಡ್ಡಿಯ ಬೇರು ಮೇಲಿನ ಒಂದು ಅಡಿಯೊಳಗೇ ಇರುತ್ತದೆ, ಬೇರುರೋಮಗಳೂ ವಿರಳ. ಜೋರು ಮಳೆಗೆ ಸಾರಜನಕ ಕೆಳಗಿಳಿದರೆ ಅದನ್ನು ಹಿಂಬಾಲಿಸಿ ಹೋಗುವ ಬೇರು ಈ ಬೆಳೆಗಿಲ್ಲ. ನೀರು ನಿಂತ ಎರೆಯಲ್ಲಿ ಅದು ಅನಿಲವಾಗಿಯೂ ಹೋಗುತ್ತದೆ, ಮಣ್ಣು ಮುಚ್ಚದೆ ಮೇಲೆ ಎರಚಿದ ಯೂರಿಯಾ ನಮ್ಮ ಕ್ಷಾರ ಮಣ್ಣಿನಲ್ಲಿ ಅಮೋನಿಯಾ ಆಗಿ ಹಾರುತ್ತದೆ.

ಆದ್ದರಿಂದ ಪ್ರಮಾಣಕ್ಕಿಂತ ಹೊತ್ತು ಮುಖ್ಯ. ಎಕರೆಗೆ 50 ಕೆಜಿ ಸಾರಜನಕವನ್ನು ಮೂರು ಪಾಲು ಮಾಡಿ, ಒಂದನ್ನು ನಾಟಿಯ ಸಮಯದಲ್ಲಿ, ಉಳಿದೆರಡನ್ನು ನಾಟಿ ಮಾಡಿದ 30 ಮತ್ತು 45ನೆಯ ದಿನಕ್ಕೆ, ಕಳೆ ತೆಗೆದ ಮೇಲೆ, ಮಣ್ಣು ಮುಚ್ಚುವಂತೆ ಅಥವಾ ತೆಳುವಾಗಿ ನೀರು ಹಾಯಿಸುವ ಮುನ್ನ ಕೊಡಿರಿ. 45 ದಿನ ದಾಟಿದ ಮೇಲೆ ಎಲೆ ಹಳದಿಯಾಗಿದೆ ಎಂದು ಯೂರಿಯಾ ಎರಚಬೇಡಿರಿ. ಆ ಹಳದಿಗೆ ಬಹಳ ಸಲ ನಿಂತ ನೀರು ಅಥವಾ ನುಸಿ ಕಾರಣವಾಗಿರುತ್ತದೆ.

ನಿಮ್ಮ ಪತ್ರದಲ್ಲಿ ಗಂಧಕದ ಮಾತೇ ಇಲ್ಲ. ಉಳ್ಳಾಗಡ್ಡಿಯ ಘಾಟು ಗಂಧಕದ ಸಂಯುಕ್ತಗಳಿಂದಲೇ ಬರುವುದು, ಗಂಧಕ ಕಡಿಮೆಯಿರುವ ಮಣ್ಣಿನಲ್ಲಿ ಇಳುವರಿಯೂ ಗಡ್ಡೆಯ ಬಾಳಿಕೆಯೂ ಕುಗ್ಗುತ್ತವೆ. ಡಿಎಪಿಯಲ್ಲಿ ಅದು ಇಲ್ಲ. ಅದರ ಬದಲು ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿದರೆ 24 ಕೆಜಿ ರಂಜಕದ ಜೊತೆಗೆ 16 ಕೆಜಿಗೂ ಹೆಚ್ಚು ಗಂಧಕ ಸಿಗುತ್ತದೆ. ಡಿಎಪಿಯಿಂದ ಬರುತ್ತಿದ್ದ 9 ಕೆಜಿ ಸಾರಜನಕಕ್ಕೆ 20 ಕೆಜಿಯಷ್ಟು ಯೂರಿಯಾ ಸೇರಿಸಿದರಾಯಿತು. ಹೊರುವ ತೂಕ ಹೆಚ್ಚು ನಿಜ, ಆದರೆ ಎರಡರ ಬೆಲೆಯನ್ನು ಒಂದೇ ದಿನ ಅಂಗಡಿಯಲ್ಲಿ ಕೇಳಿ ಹೋಲಿಸಿರಿ. ಪೊಟ್ಯಾಷ್ ಶಿಫಾರಸು ಎಕರೆಗೆ 50 ಕೆಜಿಯಷ್ಟಿದೆ. ನೀವು ಹಾಕಿಯೇ ಇಲ್ಲ. ಎರೆ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುವುದರಿಂದ ಮಣ್ಣು ಪರೀಕ್ಷೆಯಲ್ಲಿ ಹೆಚ್ಚು ಎಂದು ಬಂದರೆ ಪೂರ್ತಿ ಪ್ರಮಾಣಕ್ಕೆ ದುಡ್ಡು ಸುರಿಯಬೇಡಿರಿ, ಒಂದು ಚೀಲಕ್ಕೆ ನಿಲ್ಲಿಸಿರಿ. ಸತುವಿನ ಅಂಶವನ್ನೂ ಅದೇ ಪರೀಕ್ಷೆಯಲ್ಲಿ ಬರೆಸಿಕೊಳ್ಳಿರಿ. ತಿಪ್ಪೆಗೊಬ್ಬರ ಎಷ್ಟು ಸಿಕ್ಕರೂ ಒಳ್ಳೆಯದು, ಅದು ಚೆನ್ನಾಗಿ ಕಳಿತಿರಲಿ.

ಮಳೆಯಾಶ್ರಿತ ಎರಡು ಎಕರೆಯ ಲೆಕ್ಕವೇ ಬೇರೆ. ಅಲ್ಲಿ ಕೂರಿಗೆಗೆ ಎಷ್ಟು ಬೀಜ ಸುರಿಯುತ್ತೀರಿ ಎಂದು ನೀವು ಬರೆದಿಲ್ಲ, ಆದರೆ ಎಕರೆಗೆ 4 ಕೆಜಿ ಬಿತ್ತುವವರನ್ನು ನಾನು ಬಹಳ ನೋಡಿದ್ದೇನೆ. ಒಂದು ಕೆಜಿಯಲ್ಲಿ ಎರಡೂವರೆಯಿಂದ ಮೂರು ಲಕ್ಷ ಬೀಜಗಳಿರುತ್ತವೆ. 4 ಕೆಜಿ ಎಂದರೆ ಹತ್ತು ಲಕ್ಷಕ್ಕೂ ಮಿಕ್ಕಿ. ಮೊಳಕೆ ಅರ್ಧಕ್ಕೆ ಬಂದರೂ ಬೇಕಾದುದರ ಎರಡು ಪಟ್ಟು ಗಿಡ. ಹೆಚ್ಚಾದ ಸಸಿಯನ್ನು ಕಿತ್ತು ಖಾಲಿ ಜಾಗಕ್ಕೆ ನೆಡದೆ ಹಾಗೆಯೇ ಬಿಟ್ಟರೆ ಸಾಲು ಪೂರ್ತಿ ಗೋಲಿಯಂಥ ಗಡ್ಡೆ. ಉಳ್ಳಾಗಡ್ಡಿ ಬೀಜದ ಮೊಳಕೆಶಕ್ತಿ ಒಂದು ವರ್ಷದೊಳಗೇ ಬೇಗ ಕುಗ್ಗುವುದರಿಂದ ಹಳೆಯ ಬೀಜದ ಭಯಕ್ಕೆ ರೈತರು ಹೆಚ್ಚು ಬಿತ್ತುತ್ತಾರೆ. ನೂರು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸಿದರೆ ಆ ಭಯಕ್ಕೆ ಖರ್ಚಿಲ್ಲದ ಪರಿಹಾರ ಸಿಗುತ್ತದೆ. ಗೊಬ್ಬರವನ್ನೂ ಅಲ್ಲಿ ಮೊದಲೇ ಪೂರ್ತಿ ಸುರಿಯುವುದು ಬೇಡ. ಬಿತ್ತುವಾಗ ರಂಜಕ, ಗಂಧಕ ಮತ್ತು ಸ್ವಲ್ಪ ಸಾರಜನಕ ಕೊಟ್ಟು, ಮೇಲುಗೊಬ್ಬರವನ್ನು ಮಳೆ ಬಂದರೆ ಮಾತ್ರ ಕೊಡಿರಿ. ಮಳೆ ಕೈಕೊಟ್ಟ ವರ್ಷ ಆ ಚೀಲ ಮನೆಯಲ್ಲಿಯೇ ಉಳಿಯುತ್ತದೆ. ನಮ್ಮ ಹಿರಿಯರು ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದ ಪದ್ಧತಿಯನ್ನು ಮಳೆಯಾಶ್ರಿತ ಹೊಲಕ್ಕೆ ನಾನು ಈಗಲೂ ಗೌರವದಿಂದ ಸೂಚಿಸುತ್ತೇನೆ. ಉಳ್ಳಾಗಡ್ಡಿಯ ದರ ಬಿದ್ದ ವರ್ಷ ಉಳಿದೆರಡು ಬೆಳೆ ಹೊಲದಲ್ಲಿ ಇನ್ನೂ ನಿಂತಿರುತ್ತವೆ.

ದರದ ಬಗ್ಗೆ ಒಂದು ಮಾತು. 2023ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ರಫ್ತಿನ ಮೇಲೆ ನೂರಕ್ಕೆ 40 ಸುಂಕ ಹಾಕಿತು, ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿತು, 2024ರ ಮೇ ತಿಂಗಳಲ್ಲಿ ಆ ನಿಷೇಧ ತೆಗೆಯಿತು, 2025ರ ಏಪ್ರಿಲ್ 1ರಿಂದ ಉಳಿದಿದ್ದ 20ರ ಸುಂಕವನ್ನೂ ರದ್ದುಪಡಿಸಿತು. ಇಂಥ ನಿರ್ಧಾರಗಳು ನಾಟಿ ಮಾಡಿದ ಮೇಲೆ, ಕೀಳುವ ಮೊದಲು ಬರುತ್ತವೆ. ಆದ್ದರಿಂದ ಖರ್ಚಿನ ಯೋಜನೆಯನ್ನು ಹಿಂದಿನ ವರ್ಷದ ಒಳ್ಳೆಯ ದರಕ್ಕೆ ಕಟ್ಟದೆ, ನಿಮ್ಮ ಐದು ವರ್ಷಗಳ ಅಡತಿ ಪಟ್ಟಿಗಳಲ್ಲಿ ಅತಿ ಕಡಿಮೆ ದರದ ಎರಡು ವರ್ಷಗಳ ಸರಾಸರಿಗೆ ಕಟ್ಟಿರಿ. ಚೀಲಕ್ಕೆ 130 ರೂಪಾಯಿ ಖರ್ಚೆಂದರೆ ಕ್ವಿಂಟಲಿಗೆ 260. ಸಣ್ಣ ಗಡ್ಡೆ 400 ರೂಪಾಯಿಗೆ ಇಳಿದ ದಿನ ನಿಮಗೆ ಉಳಿಯುವುದು 140 ರೂಪಾಯಿ. ಆ ದಿನ ಹೆಚ್ಚುವರಿ 12 ಕ್ವಿಂಟಲ್ ತರುವುದು ಒಟ್ಟು 1,680 ರೂಪಾಯಿ, ಅದನ್ನು ಬೆಳೆಯಲು ಬೀಜ, ನಾಟಿ, ಯೂರಿಯಾ, ಔಷಧಕ್ಕೆ ಆಗಲೇ 7,583 ರೂಪಾಯಿ ಹೋಗಿರುತ್ತದೆ.

ಕೊನೆಯದಾಗಿ, ನಿಮ್ಮ ಪ್ರಯೋಗದಲ್ಲಿ ಒಂದು ತೊಡಕಿದೆ. ಅಂತರವನ್ನೂ ಯೂರಿಯಾವನ್ನೂ ಒಟ್ಟಿಗೆ ಬದಲಿಸಿದ್ದರಿಂದ 12 ಕ್ವಿಂಟಲ್ ಯಾವುದರಿಂದ ಬಂತು, ದರ ಯಾವುದರಿಂದ ಬಿತ್ತು ಎಂದು ಬೇರ್ಪಡಿಸಲಾಗದು. ಈ ವರ್ಷ ಪೂರ್ತಿ ಹೊಲಕ್ಕೆ 15×10 ಅಂತರ, 50 ಕೆಜಿ ಸಾರಜನಕ ಇಟ್ಟು, ಐದು ಗುಂಟೆಯನ್ನು ಪರೀಕ್ಷೆಗೆ ಬಿಡಿರಿ. ಎರಡು ಗುಂಟೆ 15×10, ಎರಡು ಗುಂಟೆ 10×10. ಪ್ರತಿ ಜೋಡಿಯಲ್ಲಿ ಒಂದಕ್ಕೆ ಒಟ್ಟು 2.7 ಕೆಜಿ, ಇನ್ನೊಂದಕ್ಕೆ 5 ಕೆಜಿ ಯೂರಿಯಾ. ಐದನೆಯ ಗುಂಟೆಗೆ 15×10 ಅಂತರದಲ್ಲಿ 1.9 ಕೆಜಿ ಮಾತ್ರ. ಎಕರೆಗೆ 35 ಕೆಜಿ ಸಾರಜನಕ ಸಾಕಾಗಬಹುದೇ ಎಂಬುದನ್ನು ಇದು ತೋರಿಸುತ್ತದೆ. ಈ ಯೂರಿಯಾ ಲೆಕ್ಕ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕುವ ಹೊಲಕ್ಕೆ; ಉಳಿದ ಗೊಬ್ಬರ ಐದಕ್ಕೂ ಒಂದೇ ಇರಲಿ. ಮಣ್ಣು ಎಲ್ಲ ಕಡೆ ಒಂದೇ ಇರದ ಕಾರಣ ಹೊಲದ ಇನ್ನೊಂದು ಬದಿಯಲ್ಲಿ ಇದೇ ಐದನ್ನು ಮತ್ತೊಮ್ಮೆ ಮಾಡಿದರೆ ಒಟ್ಟು ಹತ್ತು ಗುಂಟೆ, ಕಾಲು ಎಕರೆ ಆಗುತ್ತದೆ. 30ನೆಯ ದಿನ ಪ್ರತಿ ಗುಂಟೆಯಲ್ಲಿ ಮೂರು ಕಡೆ ಒಂದು ಚದರ ಮೀಟರಿನ ಗಿಡ ಎಣಿಸಿ ಬರೆಯಿರಿ. ಕಿತ್ತ ದಿನ ಕಣ್ಣುಮುಚ್ಚಿ ಆರಿಸಿದ ನೂರು ಗಡ್ಡೆ ತೂಗಿರಿ, ಕತ್ತು ದಪ್ಪಗಿರುವವೆಷ್ಟು, ಜೋಡಿ ಗಡ್ಡೆ ಎಷ್ಟು ಎಂದು ಎಣಿಸಿರಿ. ಪ್ರತಿ ಗುಂಟೆಯ ಒಂದು ಚೀಲವನ್ನು ಗುರುತು ಹಾಕಿ ಗಾಳಿಯಾಡುವ ನೆರಳಿನಲ್ಲಿ 20 ದಿನ ಇಟ್ಟು ಕೊಳೆತದ್ದನ್ನು ತೂಗಿರಿ. ಉಳಿದ ಚೀಲಗಳನ್ನು ಬೆರೆಸದೆ ಅಡತಿಯಲ್ಲಿ ಬೇರೆ ಬೇರೆ ಹರಾಜಿಗಿಟ್ಟು, ಒಂದೊಂದರ ಪಟ್ಟಿಯನ್ನೂ ಬೇರೆಯಾಗಿಯೇ ಬರೆಸಿಕೊಳ್ಳಿರಿ.